ಮೇಲಿನ ಮನೆಯ ಉಪ್ಪುನೀರು

ಬಾಡಿಗೆಗೆ ಮನೆ ನೋಡಲು ಬಂದವರು ಮೊದಲು ಕೇಳುವುದು ನೀರಿನ ವಿಚಾರ. ಬೋರ್ ಇದೆಯಾ, ಕಾವೇರಿ ಬರುತ್ತಾ, ವಾರಕ್ಕೆ ಎಷ್ಟು ಸಲ. ಅದು ಮುಗಿದರೆ ಗಾಡಿ ನಿಲ್ಲಿಸುವ ಜಾಗ. ಇವರು ಎರಡನ್ನೂ ಕೇಳಲಿಲ್ಲ. ಮೆಟ್ಟಿಲು ಹತ್ತಿ ಬಂದು ಮೇಲಿನ ಮನೆಯ ಹಾಲಿನಲ್ಲಿ ನಿಂತು, ಚಪ್ಪಲಿ ಬಿಟ್ಟ ಕಾಲಿನ ಹಿಮ್ಮಡಿಯಿಂದ ನೆಲಕ್ಕೆ ಎರಡು ಸಲ ಗುದ್ದಿ, "ಬೀಮ್ ಯಾವ ಕಡೆ ಹೋಗಿದೆ ಸಾರ್?" ಎಂದರು.

ನಾನು ಸರ್ಕಾರಿ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಲೇತ್ ಮುಂದೆ ನಿಂತು ನಿವೃತ್ತನಾದವನು. ಬಾಗಲಗುಂಟೆಯ ಈ ಮನೆಯನ್ನು ಮೇಸ್ತ್ರಿಯ ಬೆನ್ನಿಗೇ ಅಂಟಿಕೊಂಡು ನಿಂತು ಕಟ್ಟಿಸಿದವನು. ಬೀಮ್ ಎಲ್ಲಿದೆ ಎಂದು ಕೇಳುವ ಬಾಡಿಗೆದಾರನನ್ನು ಕಂಡು ನನಗೆ ಹೆದರಿಕೆಯೇ ಆಯಿತು.

"ಯಾಕೆ? ಅಂಥದ್ದೇನ್ ಇಡ್ತೀರಿ?"

"ನೀರು. ಮುನ್ನೂರು ಲೀಟರ್. ಉಪ್ಪುನೀರು."

ಆಗಲೇ ಆಗುವುದಿಲ್ಲ ಎನ್ನಬೇಕಿತ್ತು. ಆದರೆ ಅವರು ಜೇಬಿನಿಂದ ಕಾಗದ ತೆಗೆದು, ಗಾಜಿನ ತೊಟ್ಟಿಯ ಸ್ಟ್ಯಾಂಡಿನ ಯಾವ ಕಾಲಿನ ಮೇಲೆ ಎಷ್ಟು ಭಾರ ಬೀಳುತ್ತದೆ, ಅದರ ಕೆಳಗೆ ಎಷ್ಟು ದಪ್ಪದ ಕಬ್ಬಿಣದ ಪಟ್ಟಿ ಇಡಬೇಕು ಎಂದು ನಿಂತಲ್ಲೇ ಬರೆದು ತೋರಿಸಿದರು. ನಾನು ಎರಡು ಸಲ ನೋಡಿದೆ. ಎಲ್ಲೂ ತಪ್ಪಿರಲಿಲ್ಲ. ಅಳತೆ ಸರಿಯಿರುವ ಮನುಷ್ಯನಿಗೆ ಬೇಡ ಎನ್ನುವುದು ನನ್ನ ಕೈಲಾಗುವುದಿಲ್ಲ. ಅದು ನನ್ನ ದೌರ್ಬಲ್ಯ, ನನ್ನ ಹೆಂಡತಿ ಸರೋಜ ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ.

ಅವರು ತೀರಿಕೊಂಡು ಮೂರು ತಿಂಗಳಾಯಿತು. ನಮ್ಮ ಮನೆಯಲ್ಲಿ ಆರು ವರ್ಷ ಇದ್ದರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಪೀಣ್ಯದಲ್ಲಿ ಅವರ ಕೈಕೆಳಗೆ ದುಡಿದವರು ಇನ್ನೂ ಎಷ್ಟೋ ಜನ ಇದ್ದಾರೆ, ನಾನು ಹೇಳಹೊರಟಿರುವುದು ಅವರಿಗೆಲ್ಲ ಗೊತ್ತಾಗಬೇಕಾದ್ದೇನೂ ಅಲ್ಲ. ಹಾಗಾದರೆ ಬರೆಯುವುದಾದರೂ ಯಾಕೆ ಎಂದರೆ, ಒಬ್ಬನೇ ಇಟ್ಟುಕೊಂಡಿರುವುದಕ್ಕೆ ಆಗುತ್ತಿಲ್ಲ.

ಅವರು ಪೀಣ್ಯದ ಒಂದು ಪ್ಲೇಟಿಂಗ್ ಶಾಪಿನ ಮುಖ್ಯಸ್ಥರು. ಕಬ್ಬಿಣದ ಸಾಮಾನಿಗೆ ನಿಕ್ಕಲ್, ಕ್ರೋಮ್ ಲೇಪ ಹಾಕುವ ಕಡೆ. ಸಾಲಾಗಿ ತೊಟ್ಟಿಗಳು, ತೊಟ್ಟಿಗೊಂದು ಬಣ್ಣದ ನೀರು, ಮೇಲೆ ಮೂಗು ಉರಿಸುವ ಆವಿ. ಅವರ ಅಂಗಿಗಳಲ್ಲೆಲ್ಲ ಸಾಸಿವೆ ಕಾಳಿನಷ್ಟು ಸಣ್ಣ ತೂತುಗಳು, ಆಸಿಡ್ ಹನಿ ಬಿದ್ದದ್ದು. ಹೊಸ ಅಂಗಿ ಹಾಕಿದರೆ ವಾರದೊಳಗೆ ಅದೂ ಹಾಗೇ. ಹೆಂಡತಿ ತೀರಿಹೋಗಿ ವರ್ಷಗಳಾಗಿದ್ದವು, ಮಗಳು ಮದುವೆಯಾಗಿ ಮೈಸೂರಿನಲ್ಲಿದ್ದಳು. ಮನೆಯಲ್ಲಿ ಅವರು, ಆ ಗಾಜಿನ ತೊಟ್ಟಿ, ಅದರೊಳಗೆ ಒಂದೇ ಒಂದು ಮೀನು.

ಅದರ ಜಾತಿಯನ್ನು ಬಟರ್‌ಫ್ಲೈ ಎನ್ನುತ್ತಾರಂತೆ. ಅವರು ಚಿಟ್ಟೆ ಎನ್ನುತ್ತಿದ್ದರು, ನಾವೂ ಅದನ್ನೇ ಕಲಿತೆವು. ಅಂಗೈ ಅಗಲದ ತೆಳ್ಳನೆ ಮೀನು. ಮುಂದೆ ಬಿಳುಪು, ಹಿಂದೆ ಅರಿಸಿನ, ಕಣ್ಣಿನ ಮೇಲೆ ಹಾದುಹೋದ ಕಪ್ಪು ಪಟ್ಟಿ, ಬೆನ್ನಿನ ರೆಕ್ಕೆಯ ತುದಿಯಲ್ಲಿ ಒಂದು ಕಪ್ಪು ಬೊಟ್ಟು. ಮೂತಿ ಮಾತ್ರ ಯಾರ ಮೇಲೋ ಮುನಿಸಿಕೊಂಡ ಹಾಗೆ ಮುಂದಕ್ಕೆ ಚಾಚಿಕೊಂಡಿರುತ್ತಿತ್ತು. ಸಮುದ್ರದ ಮೀನುಗಳಲ್ಲಿ ಈ ಜಾತಿಯದು ಗಟ್ಟಿ, ಮನೆಯಲ್ಲಿ ಉಳಿಯುತ್ತದೆ ಎಂದು ಅವರು ಹೇಳಿದಾಗ ನಾನು, "ಹಾಗಾದ್ರೆ ಏನೂ ತಲೆನೋವಿಲ್ಲ ಬಿಡಿ," ಎಂದೆ.

ಅವರಿಗೆ ಆ ಮಾತು ಹಿಡಿಸಲಿಲ್ಲ. "ಗಟ್ಟಿ ಅಂದ್ರೆ ಏನ್ ಮಾಡಿದ್ರೂ ಬದುಕುತ್ತೆ ಅಂತಲ್ಲ ಸಾರ್. ನಾವ್ ತಪ್ಪು ಮಾಡಿದ್ರೆ ತಿದ್ದಿಕೊಳ್ಳೋಕೆ ಸ್ವಲ್ಪ ಟೈಮ್ ಕೊಡುತ್ತೆ. ಅಷ್ಟೇ ಗಟ್ಟಿ."

ತಂದ ಹೊಸದರಲ್ಲಿ ಅದು ಒಂಬತ್ತು ದಿನ ಬಾಯಿಗೆ ಏನೂ ಹಾಕಲಿಲ್ಲ. ಅವರು ಏನೇನೋ ತಂದು ತೇಲಿಬಿಟ್ಟರು. ಅದು ಹತ್ತಿರ ಬಂದು ನೋಡುವುದು, ಮೂತಿ ತಿರುಗಿಸಿ ಹೋಗುವುದು. ಆ ಒಂಬತ್ತು ದಿನ ಮೆಟ್ಟಿಲ ಮೇಲೆ ಅವರು ಎದುರಾದರೆ ನಾವು ಮಾತಾಡಿಸುತ್ತಿರಲಿಲ್ಲ, ಮುಖ ಅಷ್ಟು ಬಿಗಿದಿರುತ್ತಿತ್ತು. ಹತ್ತನೆಯ ದಿನ ಕಪ್ಪೆಚಿಪ್ಪನ್ನು ಹಸಿಯಾಗಿಯೇ ಬಾಯಿ ಬಿಡಿಸಿ ಕಲ್ಲಿನ ನಡುವೆ ಇಟ್ಟರಂತೆ, ಅದು ಕುಟುಕಿತಂತೆ. ಬೆಳಿಗ್ಗೆ ಆರಕ್ಕೇ ಬಾಗಿಲು ಬಡಿದು, "ಅಕ್ಕ, ತಿಂತು," ಎಂದು ಸರೋಜಳಿಗೆ ಹೇಳಿ ಹೋದರು. ನಮ್ಮದು ಮೊಟ್ಟೆಯನ್ನೂ ಒಳಗೆ ತರದ ಮನೆ. ಇವಳಿಗೆ ಏನು ತಿಂತು, ಯಾರು ತಿಂದರು ಒಂದೂ ಅರ್ಥವಾಗದೆ, "ಒಳ್ಳೇದಾಯ್ತು ಬಿಡಿ," ಎಂದುಬಿಟ್ಟಳು. ಆಮೇಲೆ ನನ್ನಿಂದ ವಿಷಯ ತಿಳಿದು ಸ್ನಾನ ಮಾಡಿದಳು.

ಈಗ ಅವರ ಪದ್ಧತಿಯೊಂದನ್ನು ಹೇಳಬೇಕು. ಅವರ ಶಾಪಿನಲ್ಲಿ ತೊಟ್ಟಿಗೆ ಏನನ್ನೇ ಸುರಿಯುವ ಮುಂಚೆ ಒಬ್ಬರು ಗಟ್ಟಿಯಾಗಿ ಹೇಳಬೇಕು: ಏನು, ಎಷ್ಟು, ಯಾವ ತೊಟ್ಟಿಗೆ. ಸುರಿಯುವವನು ಅದನ್ನೇ, ಒಂದಕ್ಷರ ಬಿಡದೆ, ತಿರುಗಿ ಹೇಳಬೇಕು. ಆಮೇಲೆ "ಹಾಕು" ಎನ್ನುತ್ತಾರೆ, ಅವನು ಹಾಕುತ್ತಾನೆ. ನಡುವೆ ಬೇರೆ ಮಾತು ಕೂಡದು. ಕೆಮ್ಮಿದರೂ ಮೊದಲಿಂದ ಶುರು ಮಾಡಬೇಕು. ಇದನ್ನು ಅವರೇ ಶುರು ಮಾಡಿದ್ದು, ಯಾಕೆ ಎಂದು ನಾವು ಯಾರೂ ಕೇಳಿರಲಿಲ್ಲ. ಆಸಿಡ್ ಕೆಲಸ, ಹುಷಾರಾಗಿರಬೇಕಲ್ಲ ಎಂದುಕೊಂಡಿದ್ದೆವು.

ಆ ಪದ್ಧತಿ ಮನೆಗೂ ಬಂದಿತ್ತು. ಗಾಜಿನ ತೊಟ್ಟಿಯ ನೀರು ದಿನಾ ಒಂದಷ್ಟು ಆವಿಯಾಗುತ್ತದೆ. ಹೋಗುವುದು ಬರೀ ನೀರು, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ಮತ್ತೆ ತುಂಬುವಾಗ ಸಿಹಿನೀರನ್ನೇ ಹಾಕಬೇಕು, ಉಪ್ಪುನೀರು ಹಾಕಿದರೆ ದಿನದಿಂದ ದಿನಕ್ಕೆ ಉಪ್ಪು ಏರುತ್ತಾ ಹೋಗುತ್ತದೆ. ಅವರು ಎರಡು ದಿನ ಊರಲ್ಲಿಲ್ಲವೆಂದರೆ ಈ ಕೆಲಸ ನನ್ನದು. ಫೋನ್ ಮಾಡಿ, "ಸಿಹಿನೀರು. ಎರಡು ಲೀಟರ್. ದೊಡ್ಡ ತೊಟ್ಟಿಗೆ," ಎನ್ನುತ್ತಿದ್ದರು. ನಾನು, ಮೊಮ್ಮಕ್ಕಳಿರುವ ಮುದುಕ, ಮಗ್ಗಿ ಒಪ್ಪಿಸುವ ಹುಡುಗನಂತೆ, "ಸಿಹಿನೀರು. ಎರಡು ಲೀಟರ್. ದೊಡ್ಡ ತೊಟ್ಟಿಗೆ," ಎನ್ನಬೇಕಿತ್ತು. ಒಂದು ಸಲ ಬೇಸರವಾಗಿ, "ಗೊತ್ತು ಸಾರ್, ದಿನಾ ಅದೇ ತಾನೇ," ಎಂದೆ. ಆ ಕಡೆಯಿಂದ ಮತ್ತೆ ಮೊದಲಿಂದ: "ಸಿಹಿನೀರು. ಎರಡು ಲೀಟರ್..." ನಾನೂ ಒಪ್ಪಿಸಿದೆ.

ಹಾಗೆಂದು ಒಣ ಮನುಷ್ಯರೇನಲ್ಲ. ನನಗೆ ಡೆಂಗಿ ಜ್ವರ ಬಂದಾಗ ದಿನಕ್ಕೆ ಎರಡು ಸಲ ಕೆಳಗೆ ಬಂದು, ಕೆನ್ನೆಗೆ ಬೆರಳ ಹಿಂಬದಿ ತಾಗಿಸಿ ನೋಡಿ, ಒಂದೂ ಮಾತಾಡದೆ ಹೋಗುತ್ತಿದ್ದರು. ಕರೆಂಟ್ ಹೋದರೆ ಮಾತ್ರ ಅವರನ್ನು ನೋಡಲಾಗುತ್ತಿರಲಿಲ್ಲ. ನೀರಿಗೆ ಗಾಳಿ ಹೋಗದಿದ್ದರೆ ಚಿಟ್ಟೆ ಉಸಿರು ಕಟ್ಟಿ ಸಾಯುತ್ತದೆ. ಒಂದು ಮಧ್ಯಾಹ್ನ ಕರೆಂಟ್ ಹೋಗಿ, ಅವರ ಇನ್ವರ್ಟರೂ ಕೈಕೊಟ್ಟು, ಸರೋಜ ಫೋನ್ ಮಾಡಿದಳು. ಅವರು ಪೀಣ್ಯದಿಂದ ಬರುವವರೆಗೂ ಇವಳು ಒಂದು ಚೊಂಬು ಹಿಡಿದು ತೊಟ್ಟಿಯ ನೀರನ್ನು ಮೇಲಿಂದ ಎತ್ತಿ ಎತ್ತಿ ಅದಕ್ಕೇ ಹುಯ್ಯುತ್ತಾ ನಿಂತಿದ್ದಳು. ಯಾರೂ ಹೇಳಿಕೊಟ್ಟಿರಲಿಲ್ಲ. ಕಾಫಿ ಆರಿಸುವ ಹಾಗೆ ಮಾಡಿದೆ ಎಂದಳು. ಅವತ್ತಿನಿಂದ ಅವಳು ಅವರ ಮನೆಯೊಳಗೆ ಕೇಳದೆ ಹೋಗಬಹುದಾದ ಒಬ್ಬಳೇ ವ್ಯಕ್ತಿಯಾದಳು. ಅವಳಿಗೆ ಆ ಮೀನಿನ ಮೇಲೆ ಆಸೆ ಹುಟ್ಟಿದ್ದೂ ಅವತ್ತೇ ಇರಬೇಕು.

ನಾನು ಹೇಳಬೇಕಾದ ಸಂಗತಿ ನಡೆದದ್ದು ಅವರು ಬಂದ ನಾಲ್ಕನೆಯ ವರ್ಷ. ಹೊಸದಾಗಿ ತಂದು ಹಾಕಿದ ಕಲ್ಲಿನ ಜೊತೆ ರೋಗ ಬಂದಿತ್ತು. ಚಿಟ್ಟೆಯ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ. ಅದಕ್ಕೆ ಮದ್ದು ಮೈಲುತುತ್ತದ ನೀರು, ಅಂದರೆ ತಾಮ್ರದ ದ್ರಾವಣ. ದೊಡ್ಡ ತೊಟ್ಟಿಗೆ ಹಾಕಿದರೆ ಅದರಲ್ಲಿ ಪಾಚಿ ತಿನ್ನಲು ಬಿಟ್ಟಿದ್ದ ಬಸವನಹುಳುಗಳೆಲ್ಲ ಸಾಯುತ್ತವೆ. ಹಾಗಾಗಿ ಮೀನನ್ನು ಬೇರೆ ಪ್ಲಾಸ್ಟಿಕ್ ಟಬ್ಬಿಗೆ ಬಿಟ್ಟು ಅಲ್ಲಿ ಚಿಕಿತ್ಸೆ ಮಾಡಬೇಕು. ಅಳತೆ ಸರಿಯಿದ್ದರೆ ರೋಗ ಸಾಯುತ್ತದೆ, ಮೀರಿದರೆ ಮೀನೇ ಸಾಯುತ್ತದೆ. ಮೀನನ್ನು ಟಬ್ಬಿಗೆ ಬಿಟ್ಟು ಒಂದು ದಿನ ಕಳೆದಿರಲಿಲ್ಲ, ಅವರಿಗೆ ಹೊಟ್ಟೆನೋವು ಬಂತು. ಪಿತ್ತಕೋಶದಲ್ಲಿ ಕಲ್ಲು. ಬೆಳಗ್ಗೆ ಆಸ್ಪತ್ರೆಗೆ ಸೇರಿಸಿದೆವು. ಮೈಸೂರಿಂದ ಮಗಳು ಬಂದಳು. ಅವತ್ತೇ ಆಪರೇಶನ್ ಎಂದರು. ನಾನು ಮನೆಗೆ ಬಂದು ಇನ್ನೂ ಕೈಕಾಲು ತೊಳೆದಿರಲಿಲ್ಲ, ಫೋನ್ ಬಂತು.

ಅವರದೇ ದನಿ, ಆದರೆ ಇಂಜೆಕ್ಷನ್ ಕೊಟ್ಟು ತೂಕಡಿಕೆ ಹತ್ತಿದ ದನಿ. "ಸಾರ್, ಇವತ್ತು ಮದ್ದು ಶುರು ಮಾಡ್ಬೇಕು. ತಡ ಆದ್ರೆ ಹೋಗ್ಬಿಡುತ್ತೆ. ಮೇಲೆ ಹೋಗಿ."

ಮೇಲೆ ಹೋದೆ, ಸರೋಜಳೂ ಬಂದಳು. ಕಿಟಕಿಯ ಪಕ್ಕದ ಹಲಗೆಯ ಮೇಲೆ ಎರಡು ಬಾಟ್ಲಿ, ಒಂದಕ್ಕೆ ಕೆಂಪು ಮುಚ್ಚಳ, ಒಂದಕ್ಕೆ ಬಿಳಿ. ಚೀಟಿ ಅಂಟಿಸಿರಲಿಲ್ಲ. ಅವರು ಯಾವುದಕ್ಕೂ ಚೀಟಿ ಅಂಟಿಸುತ್ತಿರಲಿಲ್ಲ. ಆಸಿಡ್ ಹೊಗೆಯಲ್ಲಿ ಚೀಟಿ ಒಂದು ತಿಂಗಳೂ ನಿಲ್ಲುವುದಿಲ್ಲ, ಮುಚ್ಚಳದ ಬಣ್ಣ ನಿಲ್ಲುತ್ತದೆ, ಅದು ಅವರ ಶಾಪಿನ ರೂಢಿ. ಫೋನನ್ನು ಸ್ಪೀಕರಿಗೆ ಹಾಕಿ ಟಬ್ಬಿನ ಪಕ್ಕ ಇಟ್ಟೆ.

"ಮೈಲುತುತ್ತ. ಕೆಂಪು ಮುಚ್ಚಳ. ಐದು ಎಮ್ಮೆಲ್. ಟಬ್ಬಿಗೆ."

ನಾನು ಕೆಂಪು ಮುಚ್ಚಳದ ಬಾಟ್ಲಿ ತೆಗೆದು ಸಿರಿಂಜಿನಲ್ಲಿ ಎಳೆದೆ. ಕಡುನೀಲಿ, ಶಾಯಿಯ ಹಾಗೆ. ಪಕ್ಕದ ಬಿಳಿ ಮುಚ್ಚಳದ್ದು ಹೆಚ್ಚುಕಡಿಮೆ ಬರೀ ನೀರಿನಂತೆ ಕಾಣುತ್ತಿತ್ತು. ಇಷ್ಟು ಗಾಢವಾದದ್ದನ್ನು ಮೀನಿಗೆ ಹಾಕುತ್ತಾರೆಯೇ ಎಂದು ನನಗೆ ಅನುಮಾನ ಬಂತು. ಬಂದದ್ದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಸರೋಜ ನನ್ನ ತೋಳು ಮುಟ್ಟಿ, "ಇದೇನ್ರೀ ಇಷ್ಟು ನೀಲಿ?" ಎಂದು ಪಿಸುಗುಟ್ಟಿದಳು. ನಾನು ಸುಮ್ಮನಿರು ಎಂದು ಕಣ್ಣಲ್ಲೇ ಗದರಿಸಿದೆ. ನಡುವೆ ಮಾತು ಕೂಡದಲ್ಲ.

"ಮೈಲುತುತ್ತ. ಕೆಂಪು ಮುಚ್ಚಳ. ಐದು ಎಮ್ಮೆಲ್. ಟಬ್ಬಿಗೆ."

"ಹಾಕಿ."

ಹಾಕಿದೆ. ಮಗಳು ಫೋನ್ ತೆಗೆದುಕೊಂಡು, "ಅಂಕಲ್, ಒಳಗೆ ಕರ್ಕೊಂಡ್ ಹೋಗ್ತಿದಾರೆ, ಇಡ್ತೀನಿ," ಎಂದಳು.

ಕಾಲು ಗಂಟೆಯೂ ಆಗಿರಲಿಲ್ಲ, ಚಿಟ್ಟೆ ಟಬ್ಬಿನ ಗೋಡೆಗೆ ಮೈ ಹೊಡೆದುಕೊಳ್ಳತೊಡಗಿತು. ಒಂದು ಸಲ ಮೇಲಕ್ಕೆ ನುಗ್ಗಿ ನೀರಿನಿಂದಾಚೆ ಬಂದು ಮತ್ತೆ ಬಿತ್ತು. ಆಮೇಲೆ ತಳಕ್ಕಿಳಿದು ಓರೆಯಾಗಿ ನಿಂತುಬಿಟ್ಟಿತು. ಕಿವಿರು ಎಣಿಸಲಾಗದಷ್ಟು ಬೇಗ ಬೇಗ ತೆರೆದು ಮುಚ್ಚುತ್ತಿತ್ತು. ಅರಿಸಿನದ ಬಣ್ಣ ಮಾಸಿ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು.

"ಫೋನ್ ಮಾಡ್ರೀ."

ಮಾಡಿದೆ. ಅವರದು ಬಂದ್ ಆಗಿತ್ತು. ಮಗಳು ಎತ್ತಿ, ಅಪ್ಪ ಒಳಗಿದ್ದಾರೆ, ಮತ್ತಿನ ಇಂಜೆಕ್ಷನ್ ಕೊಟ್ಟಾಯಿತು ಎಂದಳು. ಅವಳಿಗೆ ಬಾಟ್ಲಿಯ ವಿಚಾರ ಗೊತ್ತಿರಲಿಲ್ಲ. ಅಪ್ಪ ಒಳಗಿರುವಾಗ ಮೀನಿನ ಮಾತೆತ್ತುವುದಕ್ಕೆ ನನಗೂ ಬಾಯಿ ಬರಲಿಲ್ಲ.

ನಾಲ್ಕು ವರ್ಷದಲ್ಲಿ ಅವರು ಹೇಳದೆ ನಾನು ಆ ಮನೆಯಲ್ಲಿ ಒಂದು ಚಮಚ ನೀರನ್ನೂ ಮುಟ್ಟಿದವನಲ್ಲ. ವಾಪಸ್ ದೊಡ್ಡ ತೊಟ್ಟಿಗೆ ಬಿಡೋಣವೆಂದರೆ ಅಲ್ಲಿ ರೋಗವಿತ್ತು, ಈ ಸ್ಥಿತಿಯಲ್ಲಿ ಅದು ತಡೆಯುತ್ತಿರಲಿಲ್ಲ. ಬಾಲ್ಕನಿಯ ಡ್ರಮ್ಮಿನಲ್ಲಿ ಅವರು ಯಾವಾಗಲೂ ಬೆರೆಸಿಟ್ಟ ಹೊಸ ಉಪ್ಪುನೀರು ಇರುತ್ತಿತ್ತು. ಕೈ ಅದ್ದಿ ನೋಡಿದೆ, ತಣ್ಣಗೆ ಕೊರೆಯುತ್ತಿತ್ತು. ಡಿಸೆಂಬರ್ ತಿಂಗಳು. ಬೆಚ್ಚಗಿನ ನೀರಿನಲ್ಲಿರುವ ಮೀನನ್ನು ಅದಕ್ಕೆ ಬಿಟ್ಟರೆ ಆ ಪೆಟ್ಟಿಗೇ ಸಾಯುತ್ತದೆ. ಬಿಸಿನೀರು ಸೇರಿಸಿದರೆ ಉಪ್ಪಿನ ಅಳತೆ ಕೆಡುತ್ತದೆ. ನಾನು ಡ್ರಮ್ಮಿನ ಮುಂದೆ ನಿಂತು, ಹೀಗೆ ಮಾಡಿದರೆ ಹಾಗೆ, ಹಾಗೆ ಮಾಡಿದರೆ ಹೀಗೆ ಎಂದು ಯೋಚಿಸುತ್ತಲೇ ಇದ್ದೆ.

"ಅದಕ್ಕೇನೂ ಸೇರಿಸಬೇಡಿ," ಎಂದಳು ಸರೋಜ. "ಬಕೆಟ್ಟಲ್ಲಿ ತುಂಬಿಸಿ, ಬಕೆಟ್ಟನ್ನೇ ಬಿಸಿನೀರಲ್ಲಿ ಇಡೋಣ. ಗಟ್ಟಿಯಾದ ಕೊಬ್ಬರಿ ಎಣ್ಣೆ ಕರಗಿಸಲ್ವಾ, ಹಂಗೆ."

ಕೆಳಗಿನ ಗೀಸರಿನಿಂದ ಬಿಸಿನೀರು ಹೊತ್ತು ಹೊತ್ತು ತಂದೆವು. ದೊಡ್ಡ ಪಾತ್ರೆಯಲ್ಲಿ ಅದನ್ನು ಹುಯ್ದು ನಡುವೆ ಬಕೆಟ್ ಇಟ್ಟೆವು. ನಾನು ಥರ್ಮಾಮೀಟರ್ ಹಿಡಿದು ಕೂತೆ. ಅವಳು ಟಬ್ಬಿನ ಮುಂದೆ ಕೂತು, "ಇದೆ... ಇದೆ... ಇನ್ನೂ ಉಸಿರಾಡ್ತಿದೆ," ಎನ್ನುತ್ತಿದ್ದಳು. ಒಂದೊಂದು ಡಿಗ್ರಿ ಏರುವುದಕ್ಕೂ ಎಷ್ಟು ಹೊತ್ತು ಹಿಡಿಯಿತು ಎಂದು ಹೇಳಲಾರೆ. ಲೇತಿನ ಮೇಲೆ ಕೂದಲೆಳೆಯ ಹತ್ತನೇ ಒಂದು ಭಾಗ ತೆಗೆಯುವಾಗಲೂ ನಾನು ಅಷ್ಟು ಉಸಿರು ಬಿಗಿಹಿಡಿದವನಲ್ಲ. ಕೊನೆಗೆ ಎರಡೂ ನೀರು ಒಂದೇ ಬಿಸಿಗೆ ಬಂದವು. ಬೇರೆ ಟಬ್ಬಿಗೆ ಹುಯ್ದು, ಗಾಳಿಯ ಕೊಳವೆ ಇಳಿಬಿಟ್ಟು, ಬಲೆಯಲ್ಲಿ ಚಿಟ್ಟೆಯನ್ನು ಎತ್ತಿದೆ. ಅದು ಒದ್ದಾಡಲೂ ಇಲ್ಲ. ಹೊಸ ನೀರಿಗೆ ಬಿಟ್ಟರೆ ಪಕ್ಕಕ್ಕೆ ವಾಲಿ ಮಲಗಿಬಿಟ್ಟಿತು. ಸರೋಜ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮಧ್ಯಾಹ್ನವೆಲ್ಲ ನಾವಿಬ್ಬರೂ ನೆಲದ ಮೇಲೇ ಕೂತಿದ್ದೆವು. ಒಲೆ ಹಚ್ಚಲಿಲ್ಲ. ಆಸ್ಪತ್ರೆಯಿಂದ ಮಗಳು ಫೋನ್ ಮಾಡಿ ಆಪರೇಶನ್ ಚೆನ್ನಾಗಿ ಆಯಿತು, ಅಪ್ಪನಿಗೆ ಇನ್ನೂ ಪೂರ್ತಿ ಎಚ್ಚರವಿಲ್ಲ ಎಂದಳು. ದೇವರು ದೊಡ್ಡವನು ಎಂದೆ, ಕಣ್ಣು ಮಾತ್ರ ಟಬ್ಬಿನ ಮೇಲೇ ಇತ್ತು. ನಾಲ್ಕು ಗಂಟೆಯ ಹೊತ್ತಿಗೆ ಅದು ಒಂದು ಸಲ ನೆಟ್ಟಗಾಗಿ ಮತ್ತೆ ವಾಲಿತು. ಐದಕ್ಕೆ ಮತ್ತೆ ನೆಟ್ಟಗಾಯಿತು, ಈ ಸಲ ಹಾಗೇ ನಿಂತಿತು. ಸರೋಜ ಅತ್ತಳು. ನನಗೂ ಅಳು ಬಂತು, ಆದರೆ ನಾನು ಖಾಲಿ ಬಕೆಟ್ ಎತ್ತಿಕೊಂಡು ಕೆಳಗೆ ಹೋದೆ.

ಅದು ಮೂರು ದಿನ ಏನೂ ತಿನ್ನಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಸರೋಜ ಅವರ ಫ್ರಿಜ್ಜಿನಿಂದ ಕಪ್ಪೆಚಿಪ್ಪು ತೆಗೆದು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಚಾಕುವಿನಿಂದ ಬಾಯಿ ಬಿಡಿಸಿ ನೀರಿಗಿಟ್ಟಳು. ಚಿಟ್ಟೆ ಬಂದು ಕುಟುಕಿತು. ಇವಳು ಅವತ್ತು ಸ್ನಾನ ಮಾಡಿದಳೋ ಇಲ್ಲವೋ ನಾನು ಕೇಳಲಿಲ್ಲ.

ಐದನೆಯ ದಿನ ಅವರು ಮನೆಗೆ ಬಂದರು. ಮೊದಲು ನಮ್ಮ ಹಾಲಿನಲ್ಲೇ ಕೂರಿಸಿದೆವು, ಮೆಟ್ಟಿಲು ಹತ್ತುವ ಮುಂಚೆ ಸ್ವಲ್ಪ ಸುಧಾರಿಸಿಕೊಳ್ಳಲಿ ಎಂದು. ಮುಖ ಇಳಿದಿತ್ತು, ಗಡ್ಡ ಬೆಳೆದಿತ್ತು. ಮಗಳು ಔಷಧಿ ತರಲು ಅಂಗಡಿಗೆ ಹೋಗಿದ್ದಳು. ನಾನು ನಡೆದದ್ದನ್ನು ಹೇಳಿದೆ: ಮೀನು ಒದ್ದಾಡಿದ್ದು, ನೀರು ಬದಲಿಸಿದ್ದು, ಈಗ ತಿನ್ನುತ್ತಿರುವುದು. ಯಾವ ಮುಚ್ಚಳ ಎಂಬುದನ್ನು ಮಾತ್ರ ಹೇಳಲಿಲ್ಲ.

ಅವರಿಗೆ ಅರ್ಥವಾಗಿತ್ತು. "ಕೆಂಪು ಮುಚ್ಚಳದ್ದು ಹೋಗಿದೆ," ಎಂದರು. "ಅದು ಇಪ್ಪತ್ತು ಪಟ್ಟು ಗಟ್ಟಿ. ಅದರಿಂದ ತೆಳು ಮಾಡಿ ಬಿಳಿ ಮುಚ್ಚಳದ್ದು ಮಾಡೋದು. ಶಾಪಲ್ಲಿ ತೆಳುವಿಗೆ ಕೆಂಪು. ಮನೇಲಿ ಉಲ್ಟಾ ಇಟ್ಕೊಂಡಿದೀನಿ, ಗಟ್ಟಿ ಇರೋದಕ್ಕೆ ಕೆಂಪು, ಯಾರೂ ಮುಟ್ಟದೇ ಇರ್ಲಿ ಅಂತ." ಆಮೇಲೆ ನನ್ನ ಮುಖ ನೋಡಿ ಕೇಳಿದರು:

"ಕೈ ತಪ್ತಾ ಸಾರ್?"

ಆಸ್ಪತ್ರೆಯಿಂದ ಆಗತಾನೇ ಬಂದ ಮನುಷ್ಯ. ನೋವಿನ ಇಂಜೆಕ್ಷನ್ನಿನಲ್ಲಿ ನಾಲಿಗೆಗೆ ಶಾಪಿನ ರೂಢಿ ಬಂದುಬಿಟ್ಟಿದೆ, ಅಷ್ಟೇ. ಮೀನೂ ಉಳಿದಿದೆ. ಈಗ ಇದನ್ನು ಎತ್ತಿ ಆಡಿ ನನಗೆ ಆಗಬೇಕಾದ್ದೇನು? "ಹೂಂ ಸಾರ್," ಎಂದೆ. "ಕೈ ತಪ್ತು." ದೊಡ್ಡ ಮನಸ್ಸು ಮಾಡಿದೆ ಎಂದು ಒಳಗೊಳಗೇ ಬೀಗಿದ್ದೂ ಉಂಟು.

ಅವರು ನನ್ನನ್ನು ಬೈಯಲಿಲ್ಲ. ಬೆನ್ನನ್ನು ಕುರ್ಚಿಗೆ ಆನಿಸಿ, ಹಗುರಾದವರಂತೆ ಉಸಿರುಬಿಟ್ಟರು. "ಅದೇ ಅಂದ್ಕೊಂಡೆ," ಎಂದರು. "ಎಷ್ಟ್ ತಿರುಗಿ ಹೇಳ್ಸಿದ್ರೂ ಕೈ ತಪ್ಪುತ್ತೆ ಸಾರ್. ನಮ್ ಶಾಪಲ್ಲೂ ಒಂದ್ಸಲ ಆಯ್ತು. ಇಪ್ಪತ್ತು ವರ್ಷದ ಹಿಂದೆ. ರಂಗಸ್ವಾಮಿ ಅಂತ ಒಬ್ಬ ಇದ್ದ, ಒಳ್ಳೆ ಕೆಲಸಗಾರ. ನಾನ್ ಒಂದು ಕ್ಯಾನ್ ಹೇಳ್ದೆ, ಅವನು ಇನ್ನೊಂದು ಹಾಕ್ದ. ಸೇರಬಾರದ ಆಸಿಡ್ ಸೇರಿ ಹೊಗೆ ಎದ್ದುಬಿಡ್ತು. ನಾವೆಲ್ಲ ಆಚೆ ಓಡಿದ್ವಿ. ಅವನು ತೊಟ್ಟಿ ಪಕ್ಕದಲ್ಲೇ ಇದ್ದ, ಎದೆ ಸುಟ್ಟುಹೋಯ್ತು. ಆಮೇಲೆ ಭಾರದ ಕೆಲಸಕ್ಕೆ ಆಗ್ಲೇ ಇಲ್ಲ. ಕಂಪನಿಯವರು ರಿಪೋರ್ಟ್ ಕೇಳಿದ್ರು. ನಾನು ಅವನನ್ನೇ ಕೇಳ್ದೆ. ಅವನೂ ಹೀಗೇ ಅಂದ. ಕೈ ತಪ್ತು ಸಾರ್ ಅಂದ. ಹಾಗೇ ಬರೆದು ಸೈನ್ ಹಾಕಿದೆ. ಅವನನ್ನ ತೆಗೆದುಬಿಟ್ರು. ಅವತ್ತಿಂದ ಈ ತಿರುಗಿ ಹೇಳ್ಸೋದು ಶುರು ಮಾಡಿದ್ದು."

ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಸರೋಜ ನನ್ನನ್ನು ನೋಡಿದಳು. ನಾನು ಅವಳನ್ನು ನೋಡಲಾಗದೆ ತಲೆ ತಗ್ಗಿಸಿದೆ. ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಕಾಫಿ ಕುಡಿದು ಮೇಲೆ ಹೋಗುತ್ತಿದ್ದರು, ನಿಶ್ಚಿಂತೆಯಾಗಿ. ನಿಶ್ಚಿಂತೆ ಎಂಬ ಆ ಪದವೇ ನನ್ನನ್ನು ಚುಚ್ಚಿತು. ಇಪ್ಪತ್ತು ವರ್ಷ ಅವರನ್ನು ಹಾಗೆ ಇಟ್ಟಿದ್ದವನು ಬಹುಶಃ ಆ ರಂಗಸ್ವಾಮಿ, ಈಗ ನಾನೂ ಅವನ ಜೊತೆ ಸೇರಿದ್ದೆ.

"ಸಾರ್," ಎಂದೆ. "ನೀವು ಕೆಂಪು ಅಂದ್ರಿ."

"ಏನು?"

"ಫೋನಲ್ಲಿ. ನೀವು ಹೇಳಿದ್ದು ಕೆಂಪು ಮುಚ್ಚಳ ಅಂತ. ನಾನೂ ಕೆಂಪು ಅಂತಾನೇ ತಿರುಗಿ ಹೇಳ್ದೆ. ನೀವು ಹಾಕಿ ಅಂದ್ರಿ. ನನ್ನ ಕೈ ತಪ್ಪಲಿಲ್ಲ."

ಅವರು ಸರೋಜಳ ಕಡೆ ತಿರುಗಿದರು. ಅವಳು ಹೌದೆಂದು ತಲೆಯಾಡಿಸಿದಳು.

"ಮತ್ತೆ ಯಾಕೆ ಸುಳ್ಳು ಹೇಳಿದ್ರಿ?"

"ನಿಮಗೆ ಬೇಜಾರಾಗುತ್ತೆ ಅಂತ."

ಅವರು ಕಾಫಿ ಮುಟ್ಟಲಿಲ್ಲ. ಎದ್ದು, ಹೊಟ್ಟೆ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಹತ್ತಿ ಹೋದರು. ನಾನು ಕೈ ಕೊಡಲು ಹೋದರೆ ಬೇಡ ಎಂದರು.

ಆಮೇಲಿನ ಎರಡು ವಾರ ಆ ಮನೆಯಲ್ಲಿ ಕಾಲಿಡಲೂ ಹೆದರಿಕೆಯಾಗುತ್ತಿತ್ತು. ಚಿಟ್ಟೆಗೆ ಅವರೇ ಬಿಳಿ ಮುಚ್ಚಳದಿಂದ ಮದ್ದು ಹಾಕಿ ಚುಕ್ಕೆಗಳನ್ನು ಕಳೆದರು. ಅದು ಮೊದಲಿನಂತಾಯಿತು, ಅವರು ಆಗಲಿಲ್ಲ. ಕೆಲಸಕ್ಕೆ ಹೋಗಲಿಲ್ಲ. ಸರೋಜ ಊಟ ಕೊಟ್ಟರೆ ತಟ್ಟೆ ಅರ್ಧ ಹಾಗೇ ವಾಪಸ್ ಬರುತ್ತಿತ್ತು. ನಾನು ಹೇಳಿದ್ದು ತಪ್ಪಾಯಿತೇ ಎಂದು ದಿನಾ ನನ್ನನ್ನೇ ಬೈದುಕೊಂಡೆ. ಇಂಜೆಕ್ಷನ್ ಮಂಪರಿನಲ್ಲಿ ಆದ ತಪ್ಪಿಗೂ ಇಪ್ಪತ್ತು ವರ್ಷದ ಹಿಂದೆ ಶಾಪಿನಲ್ಲಿ ಆದದ್ದಕ್ಕೂ ಸಂಬಂಧವೇ ಇಲ್ಲದಿರಬಹುದು ಎಂದು ಒಂದು ಸಲ ಅವರಿಗೆ ಹೇಳಿಯೂ ನೋಡಿದೆ. "ಇರಬಹುದು," ಎಂದರು. "ಕೇಳಿದ್ರೆ ಗೊತ್ತಾಗುತ್ತೆ."

ಹೊಲಿಗೆ ಬಿಚ್ಚಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಇಳಿದು ಬಂದರು. ರಂಗಸ್ವಾಮಿ ಚಂದಾಪುರದಲ್ಲಿದ್ದಾನೆ, ಹಳಬನೊಬ್ಬನಿಂದ ವಿಳಾಸ ಸಿಕ್ಕಿತು ಎಂದರು. ಜೊತೆಗೆ ಬರುತ್ತೇನೆಂದೆ, ಒಪ್ಪಲಿಲ್ಲ. ಊರಿನ ಈ ತುದಿಯಿಂದ ಆ ತುದಿಗೆ ಬಸ್ಸಿನಲ್ಲೇ ಹೋದರು. ದಿನವಿಡೀ ನಾನು ಗೇಟಿಗೂ ಒಳಕ್ಕೂ ಓಡಾಡುತ್ತಿದ್ದೆ. ಯಾರಾದರೂ ಹೊಡೆದರೆ, ಬಾಗಿಲು ತೆಗೆಯದೆ ಕಳಿಸಿದರೆ, ಆ ಮನುಷ್ಯ ಬದುಕೇ ಇಲ್ಲದಿದ್ದರೆ, ಎಲ್ಲ ಯೋಚನೆಯೂ ಬಂತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಬಂದು ನಮ್ಮ ಮೆಟ್ಟಿಲ ಮೇಲೆ ಕೂತರು. ಸರೋಜ ನೀರು ಕೊಟ್ಟಳು. ಪೂರ್ತಿ ಕುಡಿದರು.

"ಸಿಕ್ಕಿದ್ರಾ?" ಎಂದೆ.

"ಸಿಕ್ಕ. ನಾಲ್ಕು ಹೆಜ್ಜೆ ಹಾಕಿದ್ರೆ ಕೂತ್ಕೋತಾನೆ, ಉಸಿರು ಸಾಲಲ್ಲ. ನನ್ನ ನೋಡಿ ಎದ್ದು ನಿಲ್ಲೋಕೆ ಹೋದ." ಲೋಟವನ್ನು ಕೈಯಲ್ಲೇ ತಿರುಗಿಸುತ್ತಿದ್ದರು. "ಅವತ್ತು ಕ್ಯಾನ್ ತಪ್ಪು ಹೇಳಿದ್ದು ನಾನಾ ಅಂತ ಕೇಳ್ದೆ. ಹೌದು ಸಾರ್ ಅಂದ."

ಸರೋಜ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಮತ್ತೆ ಆವಾಗ್ಲೇ ಯಾಕೋ ಹೇಳ್ಲಿಲ್ಲ ಅಂದೆ."

"ಅದಕ್ಕೇನಂದ್ರು?"

ಅವರು ಲೋಟವನ್ನು ಮೆಟ್ಟಿಲ ಮೇಲಿಟ್ಟರು.

"ನೀವು ಅದನ್ನ ಕೇಳ್ಲಿಲ್ಲವಲ್ಲ ಸಾರ್ ಅಂದ. ಕೈ ತಪ್ತಾ ಅಂತ ಕೇಳಿದ್ರಿ. ಹೂಂ ಅಂದೆ."